ಸಂಪಿಗೊಂದು ಅಳತೆ ಕೋಲು

ಬೆಂಗಳೂರಿನಲ್ಲಿ ಯಾರ ಮನೆಯಲ್ಲಾದರೂ ಸಂಪು ಎಷ್ಟು ಲೀಟರಿನದು ಎಂದು ಕೇಳಿ, ಥಟ್ಟನೆ ಉತ್ತರ ಬರುತ್ತದೆ. ಈಗ ಅದರಲ್ಲಿ ಎಷ್ಟು ನೀರಿದೆ ಎಂದು ಕೇಳಿದರೆ ಮುಚ್ಚಳ ಎತ್ತಿ, ಇಣುಕಿ ನೋಡಿ, ‘ಅರ್ಧ ಇರಬಹುದು’ ಎನ್ನುತ್ತಾರೆ. ಕಾವೇರಿ ನೀರು ವಾರಕ್ಕೆರಡು ಸಲ ತಪ್ಪದೆ ಬರುವಾಗ ಈ ಅಂದಾಜು ಸಾಕು. 2024ರ ಮಾರ್ಚ್‌ನಂಥ ತಿಂಗಳಲ್ಲಿ ಸಾಲದು.

ಆ ವರ್ಷ ಆಗಿದ್ದೇನೆಂದು ನೆನಪಿರಬಹುದು. 2023ರ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಗಿತ್ತು. ನಗರದ ಹೊರವಲಯದ ಬೋರ್‌ವೆಲ್‌ಗಳು ಒಂದೊಂದಾಗಿ ಬತ್ತಿದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ, ಹೊರವಲಯದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್ ನೀರಿನ ಯೋಜನೆ ಬಂತು. ಆದರೂ ಈ ನೀರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಗುಡ್ಡ ಹತ್ತಿಸಿಕೊಂಡು ಬರುವ ನೀರು. ನಡುವೆ ಎಲ್ಲಿ ಕರೆಂಟು ಹೋದರೂ, ಪೈಪು ಒಡೆದರೂ ನಲ್ಲಿ ಒಣಗುತ್ತದೆ. ಹಾಗಾಗಿ ಮನೆಯೊಳಗಿನ ತಯಾರಿ ಎಲ್ಲ ವರ್ಷಕ್ಕೂ ಬೇಕು.

ಮೊದಲ ಸಾಮಾನು ಒಂದು ಕೋಲು. ಬಿದಿರಿನದಾದರೂ ಸರಿ, ಹಳೆಯ ಅರ್ಧ ಇಂಚು ಪಿವಿಸಿ ಪೈಪಿನ ಎರಡೂ ತುದಿ ಮುಚ್ಚಿದ್ದಾದರೂ ಸರಿ. ತಳದಿಂದ ಮೇಲಕ್ಕೆ ಪ್ರತಿ ಇಂಚಿಗೊಂದು ಗೀರು, ಅಡಿಗೊಂದು ದಪ್ಪ ಗೀರು ಹಾಕಿ. ಈಗ ಲೆಕ್ಕ. ಒಂದು ಘನ ಅಡಿ ನೀರು ಎಂದರೆ 28.3 ಲೀಟರ್. ಸಂಪು ಎಂಟಡಿ ಉದ್ದ, ಆರಡಿ ಅಗಲ ಇದ್ದರೆ ತಳದ ವಿಸ್ತೀರ್ಣ 48 ಚದರ ಅಡಿ, ಅಂದರೆ ಒಂದು ಇಂಚು ನೀರು ನಾಲ್ಕು ಘನ ಅಡಿ, ಸುಮಾರು 113 ಲೀಟರ್. ಈ ಸಂಖ್ಯೆಯನ್ನು ಸಂಪಿನ ಮುಚ್ಚಳದ ಕೆಳಗೇ ಪೇಂಟಿನಲ್ಲಿ ಬರೆದಿಡಿ. ನಿಮ್ಮ ಸಂಪಿನ ಅಳತೆ ಬೇರೆ ಇದ್ದರೆ ಉದ್ದವನ್ನು ಅಗಲದಿಂದ ಗುಣಿಸಿ, 12ರಿಂದ ಭಾಗಿಸಿ, 28.3ರಿಂದ ಗುಣಿಸಿದರೆ ಇಂಚಿನ ಲೆಕ್ಕ ಸಿಗುತ್ತದೆ. ಒಳ ಅಳತೆಯನ್ನೇ ತೆಗೆದುಕೊಳ್ಳಿ, ಗೋಡೆಯ ದಪ್ಪ ಸೇರಿಸಬೇಡಿ.

ಐದಡಿ ಆಳದ ಇಂಥ ಸಂಪು ತುಂಬಿದಾಗ 6,800 ಲೀಟರ್ ಆಗುತ್ತದೆ. ಆದರೆ ಅಷ್ಟೂ ನಿಮ್ಮದಲ್ಲ. ಮೋಟಾರು ನೀರು ಹೀರುವ ಪೈಪಿನ ತುದಿಯಲ್ಲಿರುವ ಫುಟ್ ವಾಲ್ವ್ ತಳದಿಂದ ಆರು ಇಂಚು ಮೇಲಿದ್ದರೆ ಅದರ ಕೆಳಗಿನ 680 ಲೀಟರನ್ನು ಮೋಟಾರು ಎತ್ತುವುದಿಲ್ಲ. ನೀರು ವಾಲ್ವಿನ ಮಟ್ಟಕ್ಕೆ ಇಳಿದ ಮೇಲೂ ಮೋಟಾರು ಹಾಕಿದರೆ ಅದು ಗಾಳಿ ಎಳೆದುಕೊಂಡು ಬಿಸಿಯಾಗಿ ಸೀಲ್ ಸುಡುತ್ತದೆ. ನೀರಿಲ್ಲದ ವಾರದಲ್ಲೇ ಮೋಟಾರು ರಿಪೇರಿಯ ಖರ್ಚೂ ಸೇರಿಕೊಳ್ಳುವುದು ಹೀಗೆ. ಕೋಲಿನಲ್ಲಿ ಎಂಟು ಇಂಚಿನ ಹತ್ತಿರ ಕೆಂಪು ಗೆರೆ ಹಾಕಿ, ಅಲ್ಲಿಗೆ ಇಳಿದರೆ ಮೋಟಾರು ಬೇಡ.

ಇನ್ನು ಪ್ರತಿದಿನ ಒಂದೇ ಹೊತ್ತಿಗೆ, ಬೆಳಿಗ್ಗೆ ಮೋಟಾರು ಹಾಕುವ ಮುಂಚೆ, ಕೋಲು ಇಳಿಸಿ ನೋಡಿ ಕ್ಯಾಲೆಂಡರಿನ ಮೇಲೆ ಬರೆಯಿರಿ. ಮೇಲಿನ ಟ್ಯಾಂಕಿನ ಮಟ್ಟ ದಿನಕ್ಕೊಂದು ರೀತಿ ಇದ್ದರೆ ಲೆಕ್ಕ ತಪ್ಪುತ್ತದೆ. ಅದಕ್ಕೇ ವಾರದ ಸರಾಸರಿ ನೋಡಬೇಕು. ನಗರಗಳಿಗೆ ಸರ್ಕಾರಿ ಮಾನದಂಡ ತಲೆಗೆ 135 ಲೀಟರ್. ನಾಲ್ವರ ಮನೆಗೆ 540 ಲೀಟರ್, ಅಂದರೆ ನಮ್ಮ ಕೋಲಿನಲ್ಲಿ ಐದು ಇಂಚಿಗೆ ಸ್ವಲ್ಪ ಕಡಿಮೆ. ಈ ವೇಗದಲ್ಲಿ ತುಂಬಿದ ಸಂಪು ಹನ್ನೊಂದು ದಿನ ಬರುತ್ತದೆ. ಮೂರು ಇಂಚಿಗೆ ಇಳಿಸಿದರೆ ಹದಿನೆಂಟು ದಿನ. ಮೂರು ಇಂಚು ಸಾಧ್ಯ, ಮನೆಯಲ್ಲಿ ಯಾರೂ ಸ್ನಾನ ಬಿಡಬೇಕಿಲ್ಲ.

ನಾಲ್ಕು ಜನರಿಗೆ ಕುಡಿಯಲು, ಅಡುಗೆಗೆ 30 ಲೀಟರ್. ಸ್ನಾನಕ್ಕೆ ತಲೆಗೊಂದು 18 ಲೀಟರ್ ಬಕೆಟ್, ಒಟ್ಟು 72. ಪಾತ್ರೆಗೆ 40. ಬಟ್ಟೆ ದಿನ ಬಿಟ್ಟು ದಿನ 60, ದಿನದ ಲೆಕ್ಕದಲ್ಲಿ 30. ಕೈಕಾಲು ಮುಖ, ನೆಲ ಒರೆಸುವುದು 30. ಶೌಚಾಲಯಕ್ಕೆ ತಲೆಗೆ ಐದು ಸಲ, ಸಲಕ್ಕೆ ಐದು ಲೀಟರ್ ಎಂದರೆ 100. ಎಲ್ಲ ಕೂಡಿದರೆ 302 ಲೀಟರ್. ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು ನೋಡಿ. ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿ ಎಂದು ಮಕ್ಕಳಿಗೆ ಹೇಳುವುದು ಒಳ್ಳೆಯದೇ. ಆದರೆ ಉಳಿತಾಯ ಶುರುವಾಗಬೇಕಾದದ್ದು ಫ್ಲಶ್‌ನಿಂದ.

ಹಳೆಯ ಫ್ಲಶ್ ಟ್ಯಾಂಕು ಒಮ್ಮೆಗೆ ಹತ್ತು ಲೀಟರಿಗೂ ಹೆಚ್ಚು ಸುರಿಯುತ್ತದೆ. ಅದರೊಳಗೆ ನೀರು ತುಂಬಿ ಬಿರಡೆ ಬಿಗಿದ ಒಂದು ಲೀಟರಿನ ಬಾಟಲಿಯನ್ನು ಫ್ಲೋಟಿಗೂ ಸರಪಳಿಗೂ ತಾಗದಂತೆ ನಿಲ್ಲಿಸಿದರೆ ಪ್ರತಿ ಸಲ ಒಂದು ಲೀಟರ್ ಉಳಿಯುತ್ತದೆ. ಇಟ್ಟಿಗೆ ಇಡಬೇಡಿ. ಅದು ಕರಗಿ, ಮರಳು ವಾಷರಿನಡಿ ಸೇರಿ, ಸೋರಿಕೆ ಶುರುವಾಗುತ್ತದೆ. ಎರಡು ಬಾಟಲಿ ಇಟ್ಟು, ಒಂದು ಸಲಕ್ಕೆ ಶುಚಿಯಾಗದೆ ಎರಡು ಸಲ ಒತ್ತುವಂತಾದರೆ ಇದ್ದ ಉಳಿತಾಯವೂ ಹೋಯಿತು. ಅಭಾವ ಜೋರಾದಾಗ ಟ್ಯಾಂಕಿಗೆ ನೀರು ಬಿಡುವ ಸಣ್ಣ ನಲ್ಲಿಯನ್ನು (ಆ್ಯಂಗಲ್ ಕಾಕ್) ಪೂರ್ತಿ ಮುಚ್ಚಿ, ಪಕ್ಕದಲ್ಲಿ ಬಳಸಿದ ನೀರಿನ ಬಕೆಟ್ ಇಡುವುದೇ ಮೇಲು. ಐದು ಲೀಟರನ್ನು ಸೊಂಟದೆತ್ತರದಿಂದ ಒಂದೇ ಸಲ ಸುರಿದರೆ ಸಾಕು. ಚೊಂಬು ಚೊಂಬಾಗಿ ಹಾಕಿದರೆ ಹತ್ತು ಲೀಟರಿಗೂ ಹೋಗುವುದಿಲ್ಲ.

ಸೋರಿಕೆ ಹುಡುಕಲು ಪ್ಲಂಬರ್ ಬೇಡ. ರಾತ್ರಿ ಫ್ಲಶ್ ಟ್ಯಾಂಕಿಗೆ ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಬಿಡಿ, ಕಾಫಿ ಡಿಕಾಕ್ಷನ್ ಆದರೂ ನಡೆಯುತ್ತದೆ. ಅರ್ಧ ಗಂಟೆ ಯಾರೂ ಫ್ಲಶ್ ಮಾಡಬಾರದು. ಕಮೋಡಿನೊಳಗೆ ಬಣ್ಣ ಇಳಿದಿದ್ದರೆ ತಳದ ರಬ್ಬರ್ ವಾಷರ್ ಸವೆದಿದೆ. ಸದ್ದಿಲ್ಲದೆ ಸೋರುವ ಜಾಗ ಇದು, ಇಡೀ ದಿನದ ಲೆಕ್ಕ ತಲೆಕೆಳಗಾಗುವುದು ಇಲ್ಲಿಂದಲೇ. ಹನಿಯುವ ನಲ್ಲಿಯ ಕೆಳಗೆ ಒಂದು ಗಂಟೆ ಚೊಂಬು ಇಟ್ಟು ಅಳೆಯಿರಿ. ಕಾಲು ಲೀಟರ್ ಸಿಕ್ಕರೆ ದಿನಕ್ಕೆ ಆರು ಲೀಟರ್, ಒಬ್ಬರಿಗೆ ಕುಡಿಯಲು ಎರಡು ದಿನಕ್ಕಾಗುವಷ್ಟು. ಕೊನೆಯದಾಗಿ ರಾತ್ರಿ ಎಲ್ಲ ನಲ್ಲಿ ಮುಚ್ಚಿ ಮೇಲಿನ ಟ್ಯಾಂಕಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ನೋಡಿ. ಸಂಪನ್ನೂ ಹೀಗೇ ನೋಡಬೇಕು. ಮೋಟಾರು ಹಾಕದ ರಾತ್ರಿಯಲ್ಲಿ ಕೋಲು ಅರ್ಧ ಇಂಚು ಇಳಿದರೂ ಗೋಡೆಯಲ್ಲಿ ಬಿರುಕಿದೆ.

ಮೇಲಿನ ಟ್ಯಾಂಕು ತುಂಬಿ ಹರಿಯುವುದು ಇನ್ನೊಂದು. ನಿಮಿಷಕ್ಕೆ 30 ಲೀಟರ್ ಎತ್ತುವ ಮೋಟಾರು ಹತ್ತು ನಿಮಿಷ ಮರೆತರೆ 300 ಲೀಟರ್, ಅಂದರೆ ಒಂದಿಡೀ ದಿನದ ನೀರು ರಸ್ತೆಗೆ. ತಾನಾಗಿ ನಿಲ್ಲುವ ಕಂಟ್ರೋಲರ್ ಹಾಕಿಸುವವರೆಗೆ ಅಡುಗೆಮನೆಯ ಟೈಮರನ್ನೋ ಫೋನಿನ ಅಲಾರಮನ್ನೋ ನಂಬಿ, ನೆನಪನ್ನಲ್ಲ.

ನಲ್ಲಿಯ ವೇಗವನ್ನೂ ಅಳೆಯಿರಿ. 15 ಲೀಟರಿನ ಬಕೆಟ್ ಒಂದು ನಿಮಿಷದಲ್ಲಿ ತುಂಬುತ್ತಿದ್ದರೆ ಅದು ಕೈತೊಳೆಯಲು ಬೇಕಾದ್ದಕ್ಕಿಂತ ಮೂರು ಪಟ್ಟು ಜೋರು. ನಲ್ಲಿಯ ಬಾಯಿಗೆ ಸಿಕ್ಕಿಸುವ ಜಾಲರಿಯ ಮೂತಿ, ಅಂದರೆ ಏರೇಟರ್, ಹಾಕಿದರೆ ನಿಮಿಷಕ್ಕೆ ಮೂರರಿಂದ ಐದು ಲೀಟರಿಗೆ ಇಳಿಯುತ್ತದೆ. ಬೋರ್ ನೀರಿನ ಮನೆಯಲ್ಲಿ ಅದರ ಜಾಲರಿಗೆ ಉಪ್ಪು ಕಟ್ಟುತ್ತದೆ, ತಿಂಗಳಿಗೊಮ್ಮೆ ಬಿಚ್ಚಿ ನಿಂಬೆರಸದಲ್ಲೋ ವಿನೆಗರಿನಲ್ಲೋ ಒಂದು ರಾತ್ರಿ ನೆನೆಸಿ ಉಜ್ಜಬೇಕು. ಇದನ್ನು ಮಾಡದೆ ‘ನೀರೇ ಬರಲ್ಲ’ ಎಂದು ಕಿತ್ತು ಬಿಸಾಡುವವರೇ ಹೆಚ್ಚು. ಖರ್ಚೇ ಬೇಡ ಎಂದರೆ ಬೇಸಿನ್ ಕೆಳಗಿನ ಆ್ಯಂಗಲ್ ಕಾಕ್ ಅರ್ಧ ತಿರುಗಿಸಿಡಿ.

ಪಾತ್ರೆ ತೊಳೆಯುವಾಗ ನೀರು ಹೋಗುವುದು ಉಜ್ಜಲು ಅಲ್ಲ, ನೊರೆ ಬಿಡಿಸಲು. ತಟ್ಟೆ, ಬಾಣಲೆಯ ಜಿಡ್ಡನ್ನು ಮೊದಲು ಹಳೆಯ ಪೇಪರಿನಲ್ಲಿ ಒರೆಸಿ. ಎಣ್ಣೆ ಪಾತ್ರೆಗೆ ಒಂದು ಚಮಚ ಕಡಲೆಹಿಟ್ಟೋ ಸೀಗೆಪುಡಿಯೋ ಹಚ್ಚಿ ಉಜ್ಜಿದರೆ ಹೆಚ್ಚು ನೊರೆ ಇಲ್ಲದೆ ಜಿಡ್ಡು ಬಿಡುತ್ತದೆ. ಆಮೇಲೆ ಎರಡು ಟಬ್. ಮೊದಲ ಟಬ್ಬಿನಲ್ಲಿ ಅದ್ದಿ, ಎರಡನೆಯದರಲ್ಲಿ ತೆಗೆದರೆ ಮುಗಿಯಿತು. ಮೊದಲನೆಯದು ಕದಡಿದಾಗ ಅದನ್ನು ಶೌಚಾಲಯದ ಬಕೆಟ್ಟಿಗೆ ಸುರಿದು, ಎರಡನೆಯದನ್ನು ಮೊದಲನೆಯದರ ಜಾಗಕ್ಕೆ ತನ್ನಿ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಗಿಡಗಳಿಗೆ, ಹಸು ಇರುವ ಮನೆ ಹತ್ತಿರವಿದ್ದರೆ ಕಲಗಚ್ಚಿಗೆ.

ಆರ್‌ಓ ಫಿಲ್ಟರ್ ಇರುವವರು ಹಿಂದಿನ ಸಣ್ಣ ಪೈಪನ್ನು ಕ್ಯಾನಿಗೆ ಇಳಿಸಿ. ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರ್ ಹೊರಹಾಕುವ ಯಂತ್ರಗಳೇ ಹೆಚ್ಚು. ಆ ನೀರಿನಲ್ಲಿ ಲವಣ ಹೆಚ್ಚಿರುವುದರಿಂದ ಗಿಡಕ್ಕೆ ಹಾಕಬೇಡಿ, ನೆಲಕ್ಕೂ ಶೌಚಾಲಯಕ್ಕೂ ಬಳಸಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣಾಂಶ, ಲೀಟರಿಗೆ 500 ಮಿಲಿಗ್ರಾಂವರೆಗೆ ಒಪ್ಪಿತ. ಬರಿ ಕಾವೇರಿ ನೀರು ಬರುವ ಮನೆಯಲ್ಲಿ ಮೀಟರಿಟ್ಟು ನೋಡಿ. ಅದಕ್ಕಿಂತ ಕಡಿಮೆ ಇದ್ದರೆ ಕುದಿಸಿ ಕುಡಿದರಾಯಿತು, ಆರ್‌ಓ ಏಕೆ?

ವಾಷಿಂಗ್ ಮೆಷಿನ್ನಿನ ಕೊನೆಯ ಜಾಲಾಟದ ನೀರನ್ನು ಡ್ರಮ್ಮಿಗೆ ಹಿಡಿಯುವಾಗ ಒಂದು ಎಚ್ಚರ ಬೇಕು. ಡ್ರೈನ್ ಪೈಪಿನ ತುದಿ ಮೆಷಿನ್ನಿನೊಳಗಿನ ನೀರಿಗಿಂತ ಕೆಳಗಿದ್ದರೆ, ಒಂದು ಕಡೆ ತುಂಬುತ್ತಿರುವಾಗಲೇ ಇನ್ನೊಂದು ಕಡೆ ತಾನಾಗಿ ಹರಿದುಹೋಗುತ್ತದೆ. ಪೈಪನ್ನು ಡ್ರಮ್ಮಿನ ಬಾಯಿಗೆ, ಮೆಷಿನ್ನಿನ ಎತ್ತರಕ್ಕೇ ಕಟ್ಟಿ, ತುದಿ ನೀರಿನಲ್ಲಿ ಮುಳುಗದಿರಲಿ. ಸೋಲಾರ್ ಇರುವ ಮನೆಯಲ್ಲಿ ಬಿಸಿನೀರು ಬರುವ ಮುಂಚೆ ಹೋಗುವ ತಣ್ಣೀರಿಗೂ ಬಕೆಟ್ ಹಿಡಿಯಿರಿ. ಇಪ್ಪತ್ತು ಮೀಟರ್ ಮುಕ್ಕಾಲಿಂಚು ಪೈಪಿನೊಳಗೇ ಐದಾರು ಲೀಟರ್ ನಿಂತಿರುತ್ತದೆ.

ಟ್ಯಾಂಕರ್ ತರಿಸುವ ದಿನ ಕೋಲಿನ ಬೆಲೆ ತಿಳಿಯುತ್ತದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಐದು ಕಿಲೋಮೀಟರ್ ಒಳಗಿನ ಸಾಗಣೆಗೆ 6,000 ಲೀಟರಿಗೆ 600, 8,000ಕ್ಕೆ 700, 12,000ಕ್ಕೆ 1,000 ರೂಪಾಯಿ ದರ ಗೊತ್ತುಮಾಡಿತ್ತು. ದರದಷ್ಟೇ ಮುಖ್ಯ ಅಳತೆ. ಪೈಪು ಹಾಕುವ ಮುಂಚೆ ಒಮ್ಮೆ, ತೆಗೆದ ಮೇಲೆ ಒಮ್ಮೆ ಕೋಲು ಇಳಿಸಿ. ನಮ್ಮ ಸಂಪಿನಲ್ಲಿ 6,000 ಲೀಟರಿಗೆ 53 ಇಂಚು ಏರಬೇಕು. 40 ಇಂಚು ಏರಿದ್ದರೆ ಬಂದದ್ದು 4,500 ಲೀಟರ್ ಮಾತ್ರ, ಅಲ್ಲೇ ನಿಂತು ಹೇಳಬಹುದು. ಇನ್ನೊಂದು ಮಾತು: ಈ ಸಂಪಿನ ಆಳವೇ 60 ಇಂಚು. ಏಳು ಇಂಚಿಗಿಂತ ಹೆಚ್ಚು ನೀರಿರುವಾಗ 6,000 ಲೀಟರ್ ತರಿಸಿದರೆ ಉಳಿದದ್ದು ಹೊರಗೆ ಹರಿಯುತ್ತದೆ, ದುಡ್ಡು ಪೂರ್ತಿ ಕೊಡಬೇಕು. ಡ್ರಮ್ಮು, ಮೇಲಿನ ಟ್ಯಾಂಕು ಎಲ್ಲವನ್ನೂ ಮೊದಲು ತುಂಬಿಕೊಂಡು ಸಂಪು ಖಾಲಿ ಮಾಡಿಕೊಳ್ಳಿ. ಟ್ಯಾಂಕರಿನದು ಬಹುತೇಕ ಗಡಸು ಬೋರ್ ನೀರು, ಆದ್ದರಿಂದ ಇರುವ ಕಾವೇರಿ ನೀರನ್ನು ಅದರೊಡನೆ ಬೆರೆಸದೆ ಕುಡಿಯಲು ಬಿಂದಿಗೆ, ಕ್ಯಾನುಗಳಲ್ಲಿ ಎತ್ತಿಡಿ. ಮೊದಲ ಬಕೆಟ್ ಹಿಡಿದು ನೋಡಿ. ವಾಸನೆ ಬಂದರೆ ಸಂಪಿಗೆ ಬಿಡಿಸಬೇಡಿ.

ಟ್ಯಾಂಕರ್ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಬೇಕು, ಸಾವಿರ ಲೀಟರಿಗೆ ಐದು ಗ್ರಾಂ ಹೊಸ ಪೌಡರ್. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳ ಸೇರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಸಂಪಿಗೆ ಹರಡಿ ಸುರಿದು ಅರ್ಧ ಗಂಟೆಯಾದರೂ ಕಾಯಿರಿ. ನೀರು ಕೆಂಪಗೆ ಕದಡಿದ್ದರೆ ಕ್ಲೋರಿನ್ ಆ ಮಣ್ಣಿಗೇ ಖರ್ಚಾಗಿ ರೋಗಾಣು ಉಳಿಯುತ್ತವೆ, ಅದಕ್ಕೆ ಮೊದಲು ಒಂದು ರಾತ್ರಿ ತಿಳಿಯಾಗಲು ಬಿಡಬೇಕು. ವರ್ಷದ ಹಿಂದೆ ತೆರೆದ, ಘಾಟು ಹೋದ ಪೌಡರ್ ಕೆಲಸಕ್ಕೆ ಬಾರದು. ಶೌಚಾಲಯದ ಆ್ಯಸಿಡ್ ಜೊತೆ ಇದನ್ನು ಎಂದೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಕುಡಿಯುವ ನೀರನ್ನು ಇದಾದ ಮೇಲೂ ಚೆನ್ನಾಗಿ ಮರಳುವವರೆಗೆ ಕುದಿಸಿ.

ಕೂಡಿಟ್ಟ ನೀರಿನ ದೊಡ್ಡ ಅಪಾಯ ಸೊಳ್ಳೆ. ನೀರಿನ ಬರ ಬಂದ 2024ರಲ್ಲೇ, ಸೆಪ್ಟೆಂಬರ್‌ನಲ್ಲಿ, ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ತಿಳಿನೀರಿನ ಅಂಚಿನ ಗೋಡೆಯ ಮೇಲೆ. ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕಿ, ನೀರು ಬಿದ್ದಾಗ ಮರಿಯಾಗುತ್ತದೆ. ಆದ್ದರಿಂದ ಡ್ರಮ್ ಖಾಲಿ ಮಾಡಿ ಮತ್ತೆ ತುಂಬಿದರೆ ಸಾಲದು, ವಾರಕ್ಕೊಮ್ಮೆ ಒಳಗೋಡೆಯನ್ನು ಬ್ರಷ್ಷಿನಲ್ಲಿ ಗಟ್ಟಿಯಾಗಿ ಉಜ್ಜಬೇಕು. ಬಾಯಿಗೆ ಹಳೆಯ ಪಂಚೆ ಬಿಗಿದು ದಾರ ಕಟ್ಟಿ, ಮೇಲೆ ಮುಚ್ಚಳ ಹಾಕಿ. ಬಳಸಿದ ನೀರಿನ ಬಕೆಟ್ಟನ್ನಂತೂ ಅದೇ ದಿನ ಖಾಲಿ ಮಾಡಬೇಕು, ಮರುದಿನಕ್ಕೆ ನಾರುತ್ತದೆ.

ಸಂಪು ತಳ ಕಂಡ ದಿನವೇ ಅದನ್ನು ತೊಳೆಯುವ ದಿನ. ಮಾವಿನ ಮಳೆ ಬೀಳುವ ಮುಂಚೆ ಆದರೆ ಇನ್ನೂ ಒಳ್ಳೆಯದು. ಸಾವಿರ ಚದರ ಅಡಿ ತಾರಸಿಯ ಮೇಲೆ ಒಂದು ಇಂಚು ಮಳೆ ಬಿದ್ದರೆ, ಸೋರಿ ಆರಿ ಹೋಗುವುದನ್ನು ಕಳೆದರೂ 1,800 ಲೀಟರ್ ಕೈಗೆ ಸಿಗುತ್ತದೆ, ನಮ್ಮ ಕೋಲಿನಲ್ಲಿ ಹದಿನಾರು ಇಂಚು. ತಾರಸಿ ಗುಡಿಸಿ, ಪೈಪಿನ ಬಾಯಿಯ ಎಲೆ ತೆಗೆದು, ಮೊದಲ ಮಳೆಯ ನೂರಿನ್ನೂರು ಲೀಟರ್ ಹೊರಗೆ ಬಿಟ್ಟು ಆಮೇಲೆ ಒಳಗೆ ತಿರುಗಿಸಿ. ತೊಳೆಯಲು ಇಳಿಯುವ ಮುಂಚೆ ಮೋಟಾರಿನ ಮೇನ್ ಸ್ವಿಚ್ ಆರಿಸಿ, ಮುಚ್ಚಳ ತೆಗೆದು ಕೆಲವು ಗಂಟೆ ಗಾಳಿಯಾಡಲು ಬಿಡಿ. ಮುಚ್ಚಿದ ಸಂಪಿನಲ್ಲಿ ಉಸಿರಿಗೆ ಬೇಕಾದ ಗಾಳಿ ಕಡಿಮೆಯಿರುತ್ತದೆ, ಪ್ರಜ್ಞೆ ತಪ್ಪಿದರೆ ಮೇಲೆ ಬರಲಾಗದು. ಮೇಲೆ ಒಬ್ಬರು ನಿಂತೇ ಇರಬೇಕು, ಇಳಿದವರ ಸೊಂಟಕ್ಕೆ ಹಗ್ಗ ಕಟ್ಟಿರಬೇಕು. ಒಳಗಿನವರು ಕುಸಿದರೆ ಮೇಲಿನವರು ತಾವೂ ಇಳಿಯದೆ ಹಗ್ಗದಿಂದ ಎಳೆದು, ಕೂಗಿ ಜನ ಕರೆಯಬೇಕು. ತೊಳೆದು ಹತ್ತಿ ಬಂದ ಮೇಲೆ ಫುಟ್ ವಾಲ್ವಿನ ಜಾಲರಿಯ ಕಸ ತೆಗೆದು, ತಳದಿಂದ ಅದರ ಎತ್ತರ ಅಳೆದು, ಕೋಲಿನ ಕೆಂಪು ಗೆರೆ ಸರಿಯಾದ ಜಾಗದಲ್ಲಿದೆಯೇ ಎಂದು ನೋಡಿಕೊಳ್ಳಿ.