ಚೀನಾದ ಗೆಳತಿಗೆ ಪರಿಮಳದ ಉಡುಗೊರೆ: ಮೊದಲು ಊರು ಯಾವುದೆಂದು ಕೇಳಿ

ಸಿಂಗಪುರದ ಒಂದು ಸುಗಂಧದ್ರವ್ಯದ ಮಳಿಗೆಯಲ್ಲಿ ನನ್ನ ಕೆಲಸ. ಬಂದವರ ಮಾತು ಕೇಳಿ ಅವರಿಗೆ ಒಪ್ಪುವ ಪರ್ಫ್ಯೂಮ್, ಅತ್ತರು, ಪರಿಮಳದ ಮೇಣದ ಬತ್ತಿ ಆರಿಸಿಕೊಡುತ್ತೇನೆ. ಇಲ್ಲಿನ ವಿಶ್ವವಿದ್ಯಾಲಯಗಳಲ್ಲೂ ಕಚೇರಿಗಳಲ್ಲೂ ಚೀನಾದಿಂದ ಬಂದವರು ಬಹಳ. ಮಧ್ಯ ಶರತ್ಕಾಲದ ಹಬ್ಬ ಮತ್ತು ಚಾಂದ್ರಮಾನ ಹೊಸ ವರ್ಷ ಹತ್ತಿರವಾದಾಗ ಒಂದೇ ಬಗೆಯ ಕೋರಿಕೆ ಮತ್ತೆ ಮತ್ತೆ ಬರುತ್ತದೆ: "ನನ್ನ ಗೆಳತಿ ಚೀನಾದವಳು, ಈ ಸಲ ರಜೆ ಸಿಗಲಿಲ್ಲ, ಮನೆ ನೆನೆಸಿಕೊಂಡು ಕೊರಗುತ್ತಿದ್ದಾಳೆ. ಊರು ನೆನಪಾಗುವಂಥ ಪರಿಮಳ ಏನಾದರೂ ಕೊಡಿ." ಹೀಗೆ ಕೇಳುವವರಲ್ಲಿ ಕನ್ನಡದ ಹುಡುಗ ಹುಡುಗಿಯರೂ ಇರುತ್ತಾರೆ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಇಂಥ ಕೋರಿಕೆ ಬಂದಾಗ ಯಾರ ಕೈಯಾದರೂ ಮೊದಲು ಹೋಗುವುದು ಗಂಧ, ಅಗರು, ಧೂಪದ ಬಾಟಲಿಗಳ ಕಡೆಗೆ. ನಮ್ಮವರಿಗಂತೂ ಶ್ರೀಗಂಧವೆಂದರೆ ಅಭಿಮಾನ. ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಶುರುವಾದದ್ದು 1916ರಲ್ಲಿ ಎಂಬುದನ್ನೂ ಸೇರಿಸಿ ಹೇಳುತ್ತಾರೆ. ನಮ್ಮ ನೆನಪಿಗೆಂದು ಗಂಧ ಕೊಡುವುದಾದರೆ ಅದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ. ಆದರೆ ಆಕೆಯ ಮನೆಯ ನೆನಪಿಗೆ ಎನ್ನುವುದಾದರೆ ಯೋಚಿಸಬೇಕು. ಚೀನಾದ ಅನೇಕರಿಗೆ ಗಂಧದ ಹೊಗೆ ಎಂದರೆ ದೇವಾಲಯ, ಪೂರ್ವಜರ ಪೂಜೆ, ಸಮಾಧಿಯ ಮುಂದೆ ಹಚ್ಚುವ ಊದುಬತ್ತಿ. ಅಜ್ಜಿಯನ್ನು ಇತ್ತೀಚೆಗೆ ಕಳೆದುಕೊಂಡು, ಅಂತ್ಯಕ್ರಿಯೆಗೂ ಹೋಗಲಾಗದೆ ಇಲ್ಲೇ ಉಳಿದವಳ ಕೈಗೆ ಆ ಬಾಟಲಿ ಹೋದರೆ ಏನಾಗಬಹುದು?

ನನ್ನ ಜೊತೆ ಕೆಲಸ ಮಾಡುವ ಹಿರಿಯರೊಬ್ಬರು ಶಾಂಘೈನವರು. ಮಳಿಗೆಯಲ್ಲಿ ಎಲ್ಲರೂ ಅವರನ್ನು ಆಂಟಿ ಎಂದೇ ಕರೆಯುತ್ತೇವೆ. ಈ ಕೆಲಸದಲ್ಲಿ ನನಗೆ ಸಿಕ್ಕ ದೊಡ್ಡ ಪಾಠ ಅವರದು. ಯಾರೇ ಬಂದು "ಚೀನಾದ ಗೆಳತಿ" ಎಂದರೂ ಅವರು ಬಾಟಲಿ ಮುಟ್ಟುವುದಿಲ್ಲ. "ಯಾವ ಊರು? ಚಿಕ್ಕವಳಿದ್ದಾಗ ಯಾರ ಹತ್ತಿರ ಬೆಳೆದಳು? ಊರಿನ ಬಗ್ಗೆ ಮಾತಾಡುವಾಗ ಯಾವ ಕಾಲದ ಬಗ್ಗೆ ಹೇಳುತ್ತಾಳೆ, ಬೇಸಿಗೆಯೋ ಚಳಿಗಾಲವೋ?" ಇಷ್ಟನ್ನು ಕೇಳುತ್ತಾರೆ. ಉತ್ತರ ಗೊತ್ತಿಲ್ಲದಿದ್ದರೆ ತಿಳಿದುಕೊಂಡು ಬರಲು ಹೇಳಿ ಕಳಿಸುತ್ತಾರೆ. ಮಾರಾಟ ಆಗದೆ ಹೋದರೂ ಸರಿ.

ಒಮ್ಮೆ ಧಾರವಾಡದ ಕಡೆಯ ಹುಡುಗನೊಬ್ಬ ಬಂದಿದ್ದ. ಪ್ರಯೋಗಾಲಯದ ಸಹಪಾಠಿಗೆ ಉಡುಗೊರೆ ಬೇಕಿತ್ತು. ಆಕೆಯದು ಸುಝೌ, ಬೆಳೆಸಿದ್ದು ಅಜ್ಜಿ, ಮಾತೆಲ್ಲ ಬೇಸಿಗೆಯದು. ಆಂಟಿಯ ಮುಖ ಅರಳಿತು. ಶಾಂಘೈ, ಸುಝೌ ಕಡೆ ಬೇಸಿಗೆ ಶುರುವಾಯಿತೆಂದರೆ ವಯಸ್ಸಾದ ಹೆಂಗಸರು ಬೀದಿಯ ತಿರುವಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂರುತ್ತಾರೆ. ಬುಟ್ಟಿಯಲ್ಲಿ ಒದ್ದೆ ಬಟ್ಟೆ, ಅದರ ಕೆಳಗೆ ಬಿಳಿ ಸಂಪಿಗೆಯ ಮೊಗ್ಗು. ಎರಡೆರಡು ಮೊಗ್ಗುಗಳನ್ನು ಸಣ್ಣ ತಂತಿಯಲ್ಲಿ ಜೋಡಿಸಿ ಮೇಲೊಂದು ಕುಣಿಕೆ ಮಾಡಿರುತ್ತಾರೆ. ಕೊಂಡವರು ಅದನ್ನು ಅಂಗಿಯ ಗುಂಡಿಗೆ ತೂಗುಹಾಕಿಕೊಳ್ಳುತ್ತಾರೆ. ಅದೇ ಬುಟ್ಟಿಯಲ್ಲಿ ಮಲ್ಲಿಗೆ ಮೊಗ್ಗು ಪೋಣಿಸಿದ ಕೈಬಳೆಯೂ ಇರುತ್ತದೆ. ನಮ್ಮ ಸಂಪಿಗೆಯ ಹತ್ತಿರದ ನೆಂಟ, ನಮ್ಮ ದುಂಡುಮಲ್ಲಿಗೆಯ ಜಾತಿಯೇ ಆದ ಹೂವು! ಆಂಟಿ ಅವನಿಗೆ ಹೇಳಿದರು: "ಇಲ್ಲಿ ಏನನ್ನೂ ಕೊಳ್ಳಬೇಡಪ್ಪ. ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಗೆ ಹೋಗು. ನಿಮ್ಮ ಹೂವಿನ ಅಂಗಡಿಯಲ್ಲೇ ಅವಳ ಅಜ್ಜಿಯ ಬುಟ್ಟಿ ಇದೆ. ಅರಳದ ಮೊಗ್ಗಿನ ಮಾಲೆ ಕೇಳು, ಸಂಜೆಗೆ ಅವಳ ಕೈಯಲ್ಲೇ ಅರಳಲಿ."

ಅವನು ಕೆಲವು ದಿನ ಬಿಟ್ಟು ಬಂದು ಹೇಳಿದ. ಮಾಲೆ ಕೊಟ್ಟಾಗ ಆಕೆ ಮುಡಿಯುತ್ತಾಳೆಂದು ಅವನೆಣಿಸಿದ್ದನಂತೆ. ಆಕೆ ಏನೂ ಹೇಳದೆ ಅದನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡು, ಮೂಗಿನ ಹತ್ತಿರ ಹಿಡಿದು, ಅಜ್ಜಿಗೆ ವಿಡಿಯೊ ಕರೆ ಮಾಡಿದಳಂತೆ. ಆಮೇಲೆ ಅವನು ನಮ್ಮಲ್ಲಿ ಬಿಳಿ ಸಂಪಿಗೆಯ ಎಣ್ಣೆಯ ಚಿಕ್ಕ ಸೀಸೆಯನ್ನೂ ಕೊಂಡ, ಹೂವು ಬಾಡಿದ ಮೇಲೂ ಉಳಿಯಲಿ ಎಂದು.

ಹಾಂಗ್‌ಝೌ ಅಥವಾ ಗುಯಿಲಿನ್ ಕಡೆಯವರಾದರೆ ನಾನು ಒಸ್ಮಾಂಥಸ್ ಎನ್ನುತ್ತೇನೆ. ಮಲ್ಲಿಗೆ, ಪಾರಿಜಾತಗಳ ಕುಟುಂಬದ್ದೇ ಹೂವು. ಗಾತ್ರದಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಪರಿಮಳದಲ್ಲಿ ಮಾಗಿದ ಏಪ್ರಿಕಾಟ್ ಹಣ್ಣಿನ ಸಿಹಿ, ಅದರ ಹಿಂದೆ ಹದ ಮಾಡಿದ ತೊಗಲಿನ ತೆಳುವಾದ ವಾಸನೆ. ಶರತ್ಕಾಲದಲ್ಲಿ, ಹಬ್ಬದ ಹುಣ್ಣಿಮೆಯ ಆಸುಪಾಸಿನಲ್ಲಿ ಅರಳಿ ಇಡೀ ಬೀದಿಯನ್ನು ತುಂಬುತ್ತದೆ. ಶರತ್ಕಾಲವೇ ಇಲ್ಲದ ಸಿಂಗಪುರದಲ್ಲಿ ಅದೇ ವಾರ ಅವರಿಗೆ ಮನೆ ಹೆಚ್ಚು ನೆನಪಾಗುವುದರಲ್ಲಿ ಆಶ್ಚರ್ಯವಿಲ್ಲ. ಈ ಹೂವಿನ ಅಸಲಿ ಸಾರ ಬಲು ದುಬಾರಿ, ಹಾಗಾಗಿ ಹೆಸರಿಗೆ ಒಸ್ಮಾಂಥಸ್ ಎಂದಿದ್ದರೂ ಒಳಗೆ ಬರೀ ಪೀಚ್ ಹಣ್ಣಿನ ಕೃತಕ ಸಿಹಿ ಇರುವ ಬಾಟಲಿಗಳೂ ಉಂಟು. ಹರ್ಮೆಸ್ ಸಂಸ್ಥೆಗಾಗಿ ಜಾನ್ ಕ್ಲೋಡ್ ಎಲೆನಾ 2005ರಲ್ಲಿ ರೂಪಿಸಿದ 'ಓಸ್ಮಾಂತ್ ಯುನ್ನಾನ್' ಚಹಾ ಮತ್ತು ಈ ಹೂವನ್ನು ಜೋಡಿಸಿದ ಸೊಗಸಾದ ಪರ್ಫ್ಯೂಮ್. ಜೇಬಿಗೆ ಅದು ಭಾರವೆನಿಸಿದರೆ ಒಣಗಿಸಿದ ಹೂವಿನ ಪೊಟ್ಟಣ ಮತ್ತು ಒಂದು ಬಾಟಲಿ ಜೇನು ಕೊಡಿ. ಅಡುಗೆಮನೆಯಲ್ಲಿ ಆಕೆಗೆ ಮುಂದಿನದು ಗೊತ್ತಿರುತ್ತದೆ.

ಸಿಚುವಾನ್‌ನವರಿಗೆ ಹೂವಿಗಿಂತ ಅಲ್ಲಿನ ಕಾಳೇ ಹೆಚ್ಚು. ಉತ್ತರ ಕನ್ನಡದವರಿಗೆ ಜುಮ್ಮನಕಾಯಿಯ ವಾಸನೆ ಗೊತ್ತಿದ್ದರೆ ಸಿಚುವಾನ್ ಮೆಣಸಿನದೂ ಅರ್ಧ ಗೊತ್ತಾದಂತೆ, ಎರಡೂ ಒಂದೇ ಕುಲದ ಮರಗಳು. ಅದರ ಸಾರ ಸೇರಿಸಿದ ಪರ್ಫ್ಯೂಮ್‌ಗಳು ಸಿಗುತ್ತವೆ.

ಇನ್ನು ಹೂವೂ ಅಲ್ಲದ, ಸುಗಂಧ ಎಂದು ಯಾರೂ ಕರೆಯದ ವಾಸನೆಗಳು. ನನ್ನ ಅನುಭವದಲ್ಲಿ ಇವೇ ಎಲ್ಲಕ್ಕಿಂತ ಆಳಕ್ಕೆ ಹೋಗುವುದು. ಲಿಯುಶೆನ್ ಎಂಬ ಹಸಿರು ಬಾಟಲಿಯ ಹೂನೀರನ್ನೇ ನೋಡಿ. ಬೇಸಿಗೆಯಲ್ಲಿ ಸ್ನಾನದ ನಂತರ ಮಕ್ಕಳ ಮೈಗೆ, ಸೊಳ್ಳೆ ಕಚ್ಚಿದಲ್ಲಿ, ಬೆವರುಸಾಲೆ ಎದ್ದಲ್ಲಿ ಹಚ್ಚುವ ಅಗ್ಗದ ಸರಕು ಅದು. ಮುಚ್ಚಳ ತೆಗೆದೊಡನೆ ಪುದೀನದಂಥ ತಂಪು, ಹಿಂದೆಯೇ ಹಳೆಯ ಕಾಲದ ಹೂವಿನ ಸಿಹಿ. ಚೀನಾದ ಕಂಪನಿಗಳಿಗೂ ಈ ಮರ್ಮ ಗೊತ್ತಾಗಿದೆ. 'ಸೆಂಟ್ ಲೈಬ್ರರಿ' ಎಂಬ ಸಂಸ್ಥೆ ಅಲ್ಯೂಮಿನಿಯಂ ಕೆಟಲಿನಲ್ಲಿ ಕುದಿಸಿ ಆರಿಸಿದ ನೀರಿನ ವಾಸನೆಯನ್ನೇ ಪರ್ಫ್ಯೂಮ್ ಮಾಡಿತು. 2019ರಲ್ಲಿ ವೈಟ್ ರ‍್ಯಾಬಿಟ್ ಹಾಲಿನ ಮಿಠಾಯಿಯ ಪರಿಮಳವನ್ನೂ ತಂದಿತು.

ಹಬ್ಬದ ಲೆಕ್ಕ ಹಿಡಿದರೂ ದಾರಿ ಸಿಗುತ್ತದೆ. ಚಾಂದ್ರಮಾನದ ಐದನೆಯ ತಿಂಗಳ ಐದನೆಯ ದಿನದ ಡ್ರಾಗನ್ ದೋಣಿ ಹಬ್ಬಕ್ಕೆ ಬಾಗಿಲಿಗೆ ಮಾಚಿಪತ್ರೆಯ ಜಾತಿಯ ಸೊಪ್ಪು ಮತ್ತು ಬಜೆಯ ಎಲೆ ಕಟ್ಟುತ್ತಾರೆ, ಮಕ್ಕಳ ಕೊರಳಿಗೆ ಒಣ ಗಿಡಮೂಲಿಕೆಯ ಪುಟ್ಟ ರೇಷ್ಮೆ ಚೀಲ ಹಾಕುತ್ತಾರೆ. ಹೊಸ ವರ್ಷಕ್ಕೆ ನರಗಿಸ್ ಹೂವಿನ ಗೆಡ್ಡೆಯನ್ನು ನೀರಿನ ಬಟ್ಟಲಿನಲ್ಲಿ ಇಟ್ಟು ಅರಳಿಸುತ್ತಾರೆ. ಫುಜಿಯಾನ್ ಪ್ರಾಂತ್ಯದ ಝಾಂಗ್‌ಝೌ ಈ ಗೆಡ್ಡೆಗಳಿಗೆ ಹೆಸರುವಾಸಿ, ಹಬ್ಬದ ಕಾಲಕ್ಕೆ ಇಲ್ಲಿನ ಚೈನಾಟೌನ್‌ನಲ್ಲೂ ಸಿಗುತ್ತವೆ.

ಕೌಂಟರಿನಲ್ಲಿ ನಿಂತು ಆರಿಸುವಾಗ ಒಂದು ಮಾತು ನೆನಪಿರಲಿ. ತಮಗಾಗಿ ಪರ್ಫ್ಯೂಮ್ ಕೊಳ್ಳುವವರಿಗೆ ನಾನು, ಕಾಗದದ ಪಟ್ಟಿಗೆ ಸಿಂಪಡಿಸಿ ಅರ್ಧ ಗಂಟೆ ಕಾಯಿರಿ ಎನ್ನುತ್ತೇನೆ. ನೆನಪಿಗಾಗಿ ಕೊಳ್ಳುವ ಪರಿಮಳಕ್ಕೆ ಈ ನಿಯಮ ಹೊಂದುವುದಿಲ್ಲ. ಮೂಗಿನಿಂದ ಹೊರಟ ಸಂಕೇತ ಮಿದುಳಿನಲ್ಲಿ ಭಾವನೆ, ನೆನಪುಗಳ ಕೇಂದ್ರಗಳನ್ನು ಉಳಿದ ಇಂದ್ರಿಯಗಳದಕ್ಕಿಂತ ನೇರವಾಗಿ ತಲುಪುತ್ತದೆ. ಆಕೆ ಗುರುತು ಹಿಡಿಯುವುದು ಮುಚ್ಚಳ ತೆಗೆದ ಮೊದಲ ಗಳಿಗೆಯಲ್ಲೇ, ಆದ್ದರಿಂದ ಆ ಮೊದಲ ಉಸಿರಿಗೆ ಹೂವು ಹೂವಾಗಿಯೇ ಬರುವ ಬಾಟಲಿಯನ್ನು ಆರಿಸಿ.

ಇರುವ ಕೋಣೆಯನ್ನೂ ಗಮನಿಸಿ. ಹಾಸ್ಟೆಲ್‌ಗಳಲ್ಲಿ ಮೇಣದ ಬತ್ತಿ, ಊದುಬತ್ತಿ ಹಚ್ಚಲು ಸಾಮಾನ್ಯವಾಗಿ ಬಿಡುವುದಿಲ್ಲ. ಇಡೀ ದಿನ ಗಾಳಿಗೆ ಪರಿಮಳ ಬಿಡುವ ಡಿಫ್ಯೂಸರ್ ನಾನು ಕೊಡುವುದೇ ಇಲ್ಲ. ಕೊರಗುವ ಮನಸ್ಸಿಗೆ ಬೇಕೆಂದಾಗ ತೆರೆದು ಸಾಕೆಂದಾಗ ಮುಚ್ಚಿಡಲು ಬರುವಂಥದ್ದು ಬೇಕು: ಸೀಸೆ, ಡಬ್ಬಿ, ರೇಷ್ಮೆ ಚೀಲ. ಕಟ್ಟುವಾಗ ಬಿಳಿ ಕಾಗದ ಬೇಡ, ಅದು ಸಾವಿನ ಮನೆಯ ಬಣ್ಣ, ಕೆಂಪು ಒಳ್ಳೆಯದು.

ಏನು ಮಾಡಿದರೂ ಊರು ತಿಳಿಯದಿದ್ದರೆ ಮಲ್ಲಿಗೆ ಚಹಾ ಕೊಡಿ. ಫುಝೌ ನಗರದ ಮಲ್ಲಿಗೆ ಮತ್ತು ಚಹಾ ಕೃಷಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಜಾಗತಿಕ ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿತು. ದೂರದ ಬೀಜಿಂಗ್‌ನಲ್ಲೂ ಮನೆಮನೆಯಲ್ಲಿ ಕುಡಿಯುತ್ತಾರೆ. ಸಂಜೆ ಅರಳುವ ಮೊಗ್ಗನ್ನು ಚಹಾ ಎಲೆಯ ಜೊತೆ ರಾತ್ರಿಯಿಡೀ ಬೆರೆಸಿಟ್ಟು, ಬೆಳಿಗ್ಗೆ ಹೂವು ತೆಗೆದು, ಮತ್ತೆ ಹೊಸ ಹೂವು ಹಾಕಿ, ಹೀಗೆ ಹಲವು ಸಲ ಮಾಡಿ ಪರಿಮಳ ಹಿಡಿಸುತ್ತಾರೆ. ಒಳ್ಳೆಯ ಚಹಾಕ್ಕೆ ಒಣ ಹೂವಿನ ಎಸಳು ತುಂಬಿರಬೇಕಿಲ್ಲ. ಅಂಗಡಿಯವರನ್ನು ಕೇಳಿ ಡಬ್ಬಿ ತೆರೆಸಿ, ಎಲೆಯನ್ನೇ ಮೂಸಿ ನೋಡಿ, ತಯಾರಾದ ದಿನಾಂಕ ನೋಡಿಯೇ ಕೊಳ್ಳಿ.