ಹತ್ತಕ್ಕೆ ಒಂಬತ್ತು ಅಂಕ ಪಡೆದ ನೋಟ್

ಕೌನ್ಸೆಲಿಂಗ್ ಪ್ರಾಕ್ಟಿಕಮ್ (ಪ್ರಾಯೋಗಿಕ ತರಬೇತಿ) ಗುಂಪಿನ ಸೂಪರ್ವಿಷನ್‌ಗೆ, ಅಂದರೆ ವಿದ್ಯಾರ್ಥಿಗಳ ಕೆಲಸವನ್ನು ಒಟ್ಟಿಗೆ ಕೂತು ಪರಿಶೀಲಿಸುವ ತರಗತಿಗೆ, ಆ ದಿನದ ನೋಟ್ ಆರಿಸಿದ್ದು ನಾನೇ. ಸೆಷನ್ ಆದ ಮೇಲೆ ಕೌನ್ಸೆಲರ್ ಬರೆದಿಡುವ ಸೋಪ್ ನೋಟ್ ಅಂದರೆ ಹೀಗಿರಬೇಕು ಎಂದು ಉಳಿದವರಿಗೆ ತೋರಿಸುವುದಕ್ಕೆ. ನಾಲ್ಕೂ ಭಾಗ (ಎಸ್: ಕ್ಲೈಂಟ್ ಹೇಳಿದ್ದು, ಓ: ನಾವು ಕಂಡದ್ದು, ಎ: ನಮ್ಮ ಅಂದಾಜು, ಪಿ: ಮುಂದಿನ ಯೋಜನೆ) ತುಂಬಿದ್ದವು, ಭಾಷೆ ಅಚ್ಚುಕಟ್ಟಾಗಿತ್ತು, ಸೆಷನ್ ನಡೆದ ದಿನವೇ ವಿದ್ಯಾರ್ಥಿನಿ ಬರೆದು ಮುಗಿಸಿದ್ದಳು. ಹಿಂದಿನ ಸಂಜೆ ಹತ್ತಕ್ಕೆ ಒಂಬತ್ತು ಅಂಕ ಹಾಕಿ ಸಹಿ ಮಾಡಿದ್ದೆ. ಕ್ಲೈಂಟ್ ಯಾರೆಂದು ಗುರುತು ಹತ್ತಬಹುದಾದ ವಿವರಗಳನ್ನೆಲ್ಲ ಇಲ್ಲಿ ಬದಲಿಸಿದ್ದೇನೆ.

ಎ ಭಾಗದಲ್ಲಿ ಇದ್ದದ್ದು ಮೂರೇ ವಾಕ್ಯ: "ಪಿಎಚ್‌ಕ್ಯೂ-9 ಅಂಕ 16ರಿಂದ 10ಕ್ಕೆ ಇಳಿದಿದೆ. ಗಮನಾರ್ಹ ಸುಧಾರಣೆ. ರಿಸ್ಕ್ ಇಲ್ಲ." ಪಿಎಚ್‌ಕ್ಯೂ-9 ಅಂದರೆ ಖಿನ್ನತೆ ಎಷ್ಟಿದೆ ಎಂದು ತಿಳಿಯಲು ಕ್ಲೈಂಟ್ ತಾನೇ ತುಂಬುವ ಒಂಬತ್ತು ಪ್ರಶ್ನೆಗಳ ಹಾಳೆ. ರಿಸ್ಕ್ ಅಂದರೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಅಪಾಯ.

ಓದಿ ಮುಗಿಸುವಷ್ಟರಲ್ಲಿ ಹಿಂದೆ ಕೂತಿದ್ದ ಹುಡುಗ ಕೇಳಿದ: "ಒಂಬತ್ತನೇ ಪ್ರಶ್ನೆಗೆ ಎಷ್ಟು ಹಾಕಿದ್ದಾರೆ, ಮೇಡಂ?"

ನಮ್ಮ ಸಾಫ್ಟ್‌ವೇರ್ ಮೊತ್ತವನ್ನು ಮಾತ್ರ ತೋರಿಸುತ್ತದೆ. ಕ್ಲೈಂಟ್ ಕೈಯಾರೆ ತುಂಬಿದ ಹಾಳೆ ಫೈಲಿನಲ್ಲಿತ್ತು, ತರಿಸಿದೆ. ಮೊದಲ ಸೆಷನ್: 2, 2, 3, 2, 2, 2, 2, 1, 0. ನಾಲ್ಕನೆಯದು: 1, 2, 1, 1, 1, 2, 1, 0, 1. ನಿದ್ದೆ 3ರಿಂದ 1ಕ್ಕೆ ಬಂದಿದೆ. ಸುಸ್ತು, ಹಸಿವು, ಏಕಾಗ್ರತೆ ಒಂದೊಂದು ಅಂಕ ಇಳಿದಿವೆ. ಮನಸ್ಸು ಕುಗ್ಗಿರುವ ಎರಡನೇ ಪ್ರಶ್ನೆ, ತನ್ನ ಬಗ್ಗೆಯೇ ಕೀಳಾಗಿ ಅನ್ನಿಸುವ ಆರನೇ ಪ್ರಶ್ನೆ ಎರಡೂ ಇದ್ದಲ್ಲೇ ಇವೆ. ಸತ್ತರೆ ಒಳ್ಳೆಯದು, ತನಗೆ ತಾನೇ ಹಾನಿ ಮಾಡಿಕೊಳ್ಳಬೇಕು ಎಂಬ ಯೋಚನೆ ಬರುತ್ತದೆಯೇ ಎಂದು ಕೇಳುವ ಒಂಬತ್ತನೆಯದು ಮಾತ್ರ ಏರಿದೆ. ಮೊತ್ತ ಇಳಿಯುತ್ತಿದ್ದಾಗ ಅದೊಂದು ಮೇಲಕ್ಕೆ ಹೋಗಿತ್ತು.

"ಕ್ಲೈಂಟ್ ಆಡಿದ ಮಾತನ್ನು ಅವರದೇ ಪದಗಳಲ್ಲಿ ಹೇಳು" ಎಂದು ನೋಟ್ ಬರೆದವಳನ್ನು ಕೇಳಿದೆ. ನೋಟ್‌ನ ಎಸ್ ಭಾಗದಲ್ಲಿ "ಕೌಟುಂಬಿಕ ಜವಾಬ್ದಾರಿಯ ಒತ್ತಡ ಕಡಿಮೆಯಾಗಿದೆ ಎಂದು ಕ್ಲೈಂಟ್ ತಿಳಿಸಿದರು" ಎಂದಿತ್ತು. ಅವಳು ತನ್ನ ಕೈಪುಸ್ತಕ ತೆರೆದು ಓದಿದಳು: "ನಾನಿಲ್ದಿದ್ರೂ ಮನೆ ನಡೆದುಹೋಗುತ್ತೆ ಅಂತ ಈಗ ಗೊತ್ತಾಗಿದೆ. ಹಗುರ ಅನ್ನಿಸ್ತಿದೆ."

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ತರಗತಿ ನಿಲ್ಲಿಸಿ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕ್ಲೈಂಟ್‌ಗೆ ಫೋನ್ ಮಾಡಿದೆ. ಎರಡು ಸಲ ರಿಂಗ್ ಆಗಿ ಕಟ್ ಆಯಿತು. ಮೂರನೇ ಸಲ ಎತ್ತಿದರು. ಅದೇ ಮಧ್ಯಾಹ್ನ ಬಂದರು, ಅಸೆಸ್‌ಮೆಂಟ್ ಆಯಿತು, ಸೇಫ್ಟಿ ಪ್ಲ್ಯಾನ್ ಆಯಿತು, ಮನೆಯಲ್ಲಿ ಕೂಡಿಟ್ಟಿದ್ದ ಮಾತ್ರೆಗಳು ಇನ್ನೊಬ್ಬರ ಕೈಗೆ ಹೋದವು. ಈಗ ಸುರಕ್ಷಿತವಾಗಿದ್ದಾರೆ. ಎರಡನೇ ಮತ್ತು ಮೂರನೇ ಕರೆಯ ನಡುವಿನ ಆ ಒಂದೆರಡು ನಿಮಿಷ ಮಾತ್ರ ನನ್ನ ಮನಸ್ಸಿನಿಂದ ಹೋಗಿಲ್ಲ.

ತಪ್ಪನ್ನು ವಿದ್ಯಾರ್ಥಿನಿಯ ತಲೆಗೆ ಕಟ್ಟುವುದು ಸುಲಭ. ಆದರೆ ಅವಳು ಬರೆದದ್ದು ನಾನು ಕಲಿಸಿದ ಹಾಗೆ. ಆಡುಮಾತನ್ನು ಕಚೇರಿಯ ಭಾಷೆಗೆ ತಿರುಗಿಸಬೇಕು ಎಂದಿದ್ದೆ, ತಿರುಗಿಸಿದಳು. ಹಾಗೆ ತಿರುಗಿಸುವಾಗ "ನಾನಿಲ್ಲದಿದ್ದರೂ" ಎಂಬ ಪದವೇ ಉದುರಿಹೋಯಿತು. ನಾನು ಅಂಕ ಕೊಟ್ಟದ್ದು ಭಾಗಗಳು ತುಂಬಿವೆಯೇ, ವಾಕ್ಯ ಸರಿಯಿದೆಯೇ, ವೇಳೆಗೆ ಮುಗಿದಿದೆಯೇ ಎಂಬುದಕ್ಕೆ. ಒಳಗಿನ ಮಾತುಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಲೇ ಇಲ್ಲ. "ರಿಸ್ಕ್ ಇಲ್ಲ" ಎಂದು ಓದಿದಾಗ "ಯಾವ ಆಧಾರದ ಮೇಲೆ?" ಎಂದು ಕೇಳಬೇಕಾದವಳು ನಾನಾಗಿದ್ದೆ.

ಅಲ್ಲಿಂದ ಪಾಠದ ಕ್ರಮವನ್ನೇ ತಿರುವಿದ್ದೇನೆ. ಮೊದಲ ನಾಲ್ಕು ವಾರ ಯಾರೂ ನೋಟ್ ಬರೆಯುವಂತಿಲ್ಲ, ಬರೀ ಓದುವುದು. ಕಲ್ಪಿತ ಕ್ಲೈಂಟ್‌ಗಳ ಮೂರು ನೋಟ್ ಕೊಡುತ್ತೇನೆ. ಪ್ರತಿ ವಾಕ್ಯದ ಅಂಚಿನಲ್ಲಿ ಒಂದು ಗುರುತು: ಕ್ಲೈಂಟ್ ಹೇಳಿದ್ದಕ್ಕೆ "ಹೇ", ಕಣ್ಣಿಗೆ ಕಂಡದ್ದಕ್ಕೆ "ಕಂ", ಕೌನ್ಸೆಲರ್ ಊಹಿಸಿದ್ದಕ್ಕೆ "ಊ", ಮಾಡಿದ್ದಕ್ಕೆ "ಮಾ". ಯಾವ ಗುರುತೂ ಕೂರದ ವಾಕ್ಯಕ್ಕೆ ಅಡ್ಡಗೆರೆ. ಎರಡು ಗುರುತು ಬೇಡುವ ವಾಕ್ಯವನ್ನು ಒಡೆದು ಎರಡು ಮಾಡಬೇಕು.

ವಿದ್ಯಾರ್ಥಿಗಳು ಹೆಚ್ಚು ಎಡವುವುದು ಕಂಡದ್ದರ ವೇಷದಲ್ಲಿ ಬಂದ ಊಹೆಯ ಮುಂದೆ. "ಕ್ಲೈಂಟ್ ಪ್ರತಿರೋಧ ತೋರಿದರು" ಎಂಬುದಕ್ಕೆ ಮುಕ್ಕಾಲು ತರಗತಿ "ಕಂ" ಹಾಕುತ್ತದೆ. ಪ್ರತಿರೋಧ ಯಾರ ಕಣ್ಣಿಗೂ ಕಾಣುವುದಿಲ್ಲ. ಕಂಡದ್ದು ಇಷ್ಟು: "ತಂದೆಯ ಬಗ್ಗೆ ಕೇಳಿದಾಗ ಎರಡು ಬಾರಿ ಮಾತು ಬದಲಿಸಿದರು, ಅರ್ಧ ನಿಮಿಷದಷ್ಟು ಸುಮ್ಮನಿದ್ದರು." ಹಾಗೆಯೇ "ಖಿನ್ನರಾಗಿದ್ದರು" ಎಂಬುದರ ಜಾಗಕ್ಕೆ "ಧ್ವನಿ ತಗ್ಗಿತ್ತು, ಒಂದೆರಡು ಪದಗಳ ಉತ್ತರ, ಅಫೆಕ್ಟ್ ಸೀಮಿತ, ಮೂರು ಬಾರಿ ಕಣ್ಣೀರು" ಬರಬೇಕು. ಮೂಡ್ ಕ್ಲೈಂಟ್ ಬಾಯಿಂದ ಬರುವುದು, ಆದ್ದರಿಂದ ಎಸ್‌ಗೆ. ಅಫೆಕ್ಟ್, ಅಂದರೆ ಮುಖದಲ್ಲಿ, ಧ್ವನಿಯಲ್ಲಿ ತೋರುವ ಭಾವ, ನಾವು ನೋಡುವುದು, ಆದ್ದರಿಂದ ಓ ಭಾಗಕ್ಕೆ. ಇವೆರಡು ಹೊಂದದಿದ್ದರೆ ಹೊಂದಿಸಲು ಹೋಗಬಾರದು, ಹೊಂದುತ್ತಿಲ್ಲ ಎಂದೇ ಎ ಭಾಗದಲ್ಲಿ ಬರೆಯಬೇಕು. ಅಲ್ಲೇ ಮುಂದಿನ ಪ್ರಶ್ನೆ ಅಡಗಿರುತ್ತದೆ.

ಸೋಪ್ ಕ್ರಮ ನಮ್ಮ ಕೋಣೆಯಲ್ಲಿ ಹುಟ್ಟಿದ್ದಲ್ಲ. 1960ರ ದಶಕದಲ್ಲಿ ಲಾರೆನ್ಸ್ ವೀಡ್ ಎಂಬ ವೈದ್ಯರು ಸಮಸ್ಯೆಯನ್ನು ಕೇಂದ್ರವಾಗಿಟ್ಟು ರೋಗಿಯ ದಾಖಲೆ ಬರೆಯುವ ಪದ್ಧತಿ ರೂಪಿಸಿದರು, ಅದರ ಭಾಗವಾಗಿ ಬಂದದ್ದು ಇದು. ವೈದ್ಯರಿಗೆ ಓ ಭಾಗದಲ್ಲಿ ಜ್ವರ, ರಕ್ತದೊತ್ತಡ, ಲ್ಯಾಬ್ ವರದಿ ಇರುತ್ತವೆ. ನಮ್ಮಲ್ಲಿ ಆ ಭಾಗ ತೆಳ್ಳಗೆ. ಖಾಲಿ ಬಿಡಲು ಹೆದರಿ ವಿದ್ಯಾರ್ಥಿಗಳು ಊಹೆಗಳನ್ನು ತಂದು ತುಂಬುತ್ತಾರೆ. ಎರಡೇ ಸಾಲಿದ್ದರೂ ಸಾಕು ಎಂದು ಮೊದಲೇ ಹೇಳಿಬಿಟ್ಟರೆ ಅರ್ಧ ತಪ್ಪು ನಿಲ್ಲುತ್ತದೆ. ಪಿಎಚ್‌ಕ್ಯೂ-9 ಅಂಕವನ್ನು ಓ ಭಾಗದಲ್ಲಿ ಹಾಕುವ ರೂಢಿಯಿದೆ. ಹಾಕಲಿ, ಆದರೆ ಅದು ಕ್ಲೈಂಟ್ ತಾನೇ ಕೊಟ್ಟ ಉತ್ತರ, ಅಳತೆಪಟ್ಟಿ ಹಿಡಿದು ನಾವು ಅಳೆದದ್ದಲ್ಲ. ಡ್ಯಾಪ್ ಎಂಬ ಇನ್ನೊಂದು ನೋಟ್ ಕ್ರಮದಲ್ಲಿ ಎಸ್ ಮತ್ತು ಓ ಸೇರಿ ಒಂದೇ ಡಿ (ಡೇಟಾ) ಆಗುವುದರಿಂದ ಬರೆಯಲು ಸಲೀಸು, ಕಲಿಯುವವರಿಗೆ ಮಾತ್ರ ಅಪಾಯ. ಗುರುತು ಹಾಕುವ ಅಭ್ಯಾಸ ಕೈಗೆ ಕೂತ ಮೇಲೆ ಅದಕ್ಕೆ ಹೋಗುತ್ತೇವೆ.

ಅಂಕಗಳನ್ನು ಓದುವುದಕ್ಕೆ ಈಗ ಬೇರೆಯೇ ಒಂದು ತರಗತಿ. ಪಿಎಚ್‌ಕ್ಯೂ-9 ಹಿಂದಿನ ಎರಡು ವಾರದ ಬಗ್ಗೆ ಕೇಳುತ್ತದೆ. ಪ್ರತಿ ಪ್ರಶ್ನೆಗೆ 0ರಿಂದ 3, ಒಟ್ಟು 27. 10 ಮುಟ್ಟಿದರೆ ಮಧ್ಯಮ ಖಿನ್ನತೆ, 15ಕ್ಕೆ ಅದಕ್ಕಿಂತ ಮೇಲಿನ ಹಂತ, 20ಕ್ಕೆ ತೀವ್ರ. ಐದು ಅಂಕ ಇಳಿದರೆ ಅರ್ಥವುಳ್ಳ ಬದಲಾವಣೆ ಎಂದು ಎಣಿಸುವುದೂ ಇದೆ. ಆ ಲೆಕ್ಕದಲ್ಲಿ 16ರಿಂದ 10 ಸುಧಾರಣೆಯೇ, ವಿದ್ಯಾರ್ಥಿನಿ ಹೇಳಿದ್ದು ಸುಳ್ಳಲ್ಲ. ಆದರೆ ಒಂಬತ್ತನೇ ಪ್ರಶ್ನೆಯನ್ನು ಮೊತ್ತದೊಳಗೆ ಮುಳುಗಿಸಬಾರದು. ಮೊತ್ತ ಬರೀ 3 ಇದ್ದು ಒಂಬತ್ತನೆಯದು 1 ಇದ್ದರೂ ಕ್ಲೈಂಟ್ ಕೋಣೆ ಬಿಡುವ ಮುನ್ನ ಬಾಯಿಬಿಟ್ಟು ಕೇಳಲೇಬೇಕು. 0 ಇದೆ ಅಂದಮಾತ್ರಕ್ಕೆ ಕೇಳದೆ ಬಿಡುವುದೂ ಸರಿಯಲ್ಲ, ಹಾಳೆಯ ಮೇಲೆ ಟಿಕ್ ಹಾಕಲು ಹಿಂಜರಿದವರು ಎದುರು ಕೂತು ಕೇಳಿದಾಗ ಹೇಳುವುದುಂಟು. ಆದ್ದರಿಂದ ಹಾಳೆಯನ್ನು ಸೆಷನ್ ಶುರುವಿನಲ್ಲಿ ತುಂಬಿಸಿ ಆಗಲೇ ಓದಬೇಕು. ಕೊನೆಯಲ್ಲಿ ತುಂಬಿಸಿದರೆ ಅದನ್ನು ಓದುವ ಹೊತ್ತಿಗೆ ಕ್ಲೈಂಟ್ ಬಸ್ ಹತ್ತಿರುತ್ತಾರೆ. ನಮ್ಮಲ್ಲಿ ಆದದ್ದು ಅದೇ.

ರಿಸ್ಕ್ ಬಗ್ಗೆ ಬರೆಯುವಾಗ ಒಂದು ಪದದ ತೀರ್ಪು ಸಾಲದು. ಯೋಚನೆ ಇದೆಯೇ, ಎಷ್ಟು ದಿನದಿಂದ, ಹೇಗೆ ಎಂಬ ಯೋಜನೆ ಇದೆಯೇ, ಅದಕ್ಕೆ ಬೇಕಾದ ವಸ್ತು ಕೈಗೆ ಸಿಗುವಂತಿದೆಯೇ, ಮಾಡುವ ಉದ್ದೇಶ ಎಷ್ಟು ಗಟ್ಟಿ, ಹಿಂದೆ ಪ್ರಯತ್ನ ನಡೆದಿತ್ತೇ, ತಡೆದು ನಿಲ್ಲಿಸುತ್ತಿರುವುದು ಏನು. ಒಂದೊಂದಕ್ಕೂ ಕೇಳಿದ ಪ್ರಶ್ನೆ, ಬಂದ ಉತ್ತರ. "ಇಲ್ಲ" ಎಂಬುದನ್ನೂ ಬರೆಯಬೇಕು: "ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಲಾಯಿತು, ಇಲ್ಲ ಎಂದರು, ಒಂಬತ್ತನೇ ಪ್ರಶ್ನೆ 0." ಹೀಗಿದ್ದರೆ ಕೇಳಿ ತಿಳಿದ "ಇಲ್ಲ" ಯಾವುದು, ಕೇಳದೆ ಬರೆದ "ಇಲ್ಲ" ಯಾವುದು ಎಂದು ಓದುವವರಿಗೆ ತಿಳಿಯುತ್ತದೆ. ಎದೆಗೆ ತಾಗುವ ಮಾತನ್ನು ಕ್ಲೈಂಟ್ ಆಡಿದ ಪದಗಳಲ್ಲೇ, ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಇಡೀ ಎಸ್ ಭಾಗ ಉದ್ಧರಣೆಯಾಗುವುದು ಬೇಡ. ಸಾವು, ಹಿಂಸೆ, ತಾನು ಭಾರ ಎಂಬ ಭಾವ, ಇದ್ದಕ್ಕಿದ್ದಂತೆ ಬಂದ ನಿರಾಳ, ಇವಿಷ್ಟನ್ನು ಮಾತ್ರ ಸಾರಾಂಶ ಮಾಡಬೇಡಿ ಎಂದು ಬೋರ್ಡಿನ ಮೇಲೆ ಬರೆದಿಟ್ಟಿದ್ದೇನೆ.

ಇಂಟರ್ವೆನ್ಷನ್ ವಾಕ್ಯಗಳು, ಅಂದರೆ ಸೆಷನ್‌ನಲ್ಲಿ ಕೌನ್ಸೆಲರ್ ಏನು ಮಾಡಿದರು ಎಂದು ಹೇಳುವವು, ಇನ್ನೊಂದು ತಲೆನೋವು. "ಭಾವನಾತ್ಮಕ ಬೆಂಬಲ ನೀಡಲಾಯಿತು", "ಸಿಬಿಟಿ ಬಳಸಲಾಯಿತು" (ಆಲೋಚನೆ, ವರ್ತನೆ ಬದಲಿಸುವ ಚಿಕಿತ್ಸೆ) ಎಂಬ ವಾಕ್ಯಗಳನ್ನು ಯಾವ ಕ್ಲೈಂಟ್‌ನ ಫೈಲಿಗೆ ಹಾಕಿದರೂ ಹೊಂದುತ್ತವೆ. ಹಾಗಾಗಿಯೇ ಅವು ಕೆಲಸಕ್ಕೆ ಬಾರದವು. ಬೇಕಾದದ್ದು ಇಂಥದ್ದು: "'ನಾನು ಎಲ್ಲರಿಗೂ ಭಾರ' ಎಂಬ ಆಲೋಚನೆಯನ್ನು ಥಾಟ್ ರೆಕಾರ್ಡ್‌ನಲ್ಲಿ ಬರೆಸಿ, ಪರ-ವಿರೋಧದ ಸಾಕ್ಷ್ಯ ಕೇಳಲಾಯಿತು. ನಂಬಿಕೆ ನೂರಕ್ಕೆ 90 ಇದ್ದದ್ದು 70 ಆಯಿತು ಎಂದರು." ಏನು ಮಾಡಿದಿರಿ, ಅದಕ್ಕೆ ಅವರು ಏನೆಂದರು. ಪಿ ಭಾಗದಲ್ಲಿ "ಸೆಷನ್ ಮುಂದುವರಿಸುವುದು" ಎಂದು ಬರೆದವರಿಗೆ ಹಾಳೆ ವಾಪಸ್. ಯಾರು, ಏನು, ಎಷ್ಟು ದಿನದೊಳಗೆ?

ಬಿಡಬೇಕಾದದ್ದನ್ನು ಬಿಡುವುದೂ ಬರೆಯುವ ಕೆಲಸವೇ. ಮೂರನೆಯವರ ಹೆಸರು, ಗುರಿಗೆ ಸಂಬಂಧವಿಲ್ಲದ ಮನೆಯ ಗುಟ್ಟು, ಕೌನ್ಸೆಲರ್‌ಗೆ ಬಂದ ಸಿಟ್ಟು ನೋಟ್‌ನಲ್ಲಿ ಬೇಡ. ಸಿಟ್ಟು ಸೂಪರ್ವಿಷನ್‌ಗೆ ಬರಲಿ. ಕ್ಲೈಂಟ್ ಪಕ್ಕದಲ್ಲೇ ಕೂತು ಓದುತ್ತಿದ್ದಾರೆ ಎಂದುಕೊಂಡು ಬರೆದರೆ "ನಾಟಕೀಯ ಸ್ವಭಾವ" ಎಂಬಂಥ ಪದಗಳು ತಾವಾಗಿಯೇ ಜಾರಿಹೋಗುತ್ತವೆ.

ಐದನೇ ವಾರ ಬರವಣಿಗೆ. ಹತ್ತು ನಿಮಿಷದ ರೋಲ್ ಪ್ಲೇ, ಹದಿನೈದು ನಿಮಿಷದಲ್ಲಿ ನೋಟ್. ಆಮೇಲೆ ರೋಲ್ ಪ್ಲೇ ನೋಡದೆ ಹೊರಗಿದ್ದವರಿಗೆ ಹಾಳೆ ಕೊಡುವುದು. ಅವರು ಐದಕ್ಕೆ ಉತ್ತರಿಸಬೇಕು, ಪ್ರತಿ ಉತ್ತರಕ್ಕೂ ನೋಟ್‌ನ ಒಂದು ವಾಕ್ಯವನ್ನು ಬೆರಳಿಟ್ಟು ತೋರಿಸಬೇಕು. ಈ ವ್ಯಕ್ತಿ ಯಾಕೆ ಬಂದಿದ್ದಾರೆ? ಹೋದ ಸಲಕ್ಕಿಂತ ಏನು ಬದಲಾಗಿದೆ? ಕೌನ್ಸೆಲರ್ ಏನು ಮಾಡಿದರು, ಅದು ನಾಟಿತೇ? ಇವತ್ತಿನ ರಿಸ್ಕ್ ಎಷ್ಟು, ಅದು ಹೇಗೆ ಗೊತ್ತು? ಮುಂದಿನ ಸಲ ನೀನು ಕೂತರೆ ಕೇಳುವ ಮೊದಲ ಪ್ರಶ್ನೆ ಏನು? ಬೆರಳಿಡಲು ಜಾಗ ಸಿಗದಿದ್ದರೆ ಬರೆದವರಿಗೆ ನಾನು ಏನೂ ಹೇಳಬೇಕಾಗುವುದಿಲ್ಲ. ಹತ್ತು ಅಂಕದಲ್ಲಿ ಈ ಐದು ಉತ್ತರಗಳಿಗೇ ಎಂಟು, ಭಾಷೆಗೆ ಒಂದು, ಭಾಗಗಳ ಜೋಡಣೆಗೆ ಒಂದು.

ಆಡಳಿತದವರಿಗೂ ಒಂದು ಮಾತು ಹೇಳಲೇಬೇಕು. 24 ಗಂಟೆಯೊಳಗೆ ನೋಟ್ ಮುಗಿದಿದೆಯೇ ಎಂದು ಪ್ರತಿ ತಿಂಗಳು ಪಟ್ಟಿ ಬರುತ್ತದೆ. ಸೂಪರ್ವೈಸರ್ ಅದನ್ನು ಓದಲು ಎಷ್ಟು ಹೊತ್ತು ಸಿಕ್ಕಿತು ಎಂಬ ಕಾಲಂ ಆ ಪಟ್ಟಿಯಲ್ಲಿಲ್ಲ. ಒಂದೇ ಸಲ ಎಲ್ಲ ನೋಟ್‌ಗೂ ಸಹಿ ಹಾಕುವ ಬಟನ್ ಇದೆ, ಹಿಂದಿನ ನೋಟ್ ಹಾಗೇ ಎತ್ತಿ ತರುವ ಬಟನ್ ಇದೆ. ಆ ಎರಡನೆಯದರ ಕೃಪೆಯಿಂದ "ಮುಂದಿನ ವಾರ ಪರೀಕ್ಷೆ ಇದೆ" ಎಂಬ ಸಾಲು ಒಂದೇ ಫೈಲಿನ ಐದು ನೋಟ್‌ಗಳಲ್ಲಿ ಸಾಲಾಗಿ ಕೂತಿತ್ತು. ಒಂಬತ್ತನೇ ಪ್ರಶ್ನೆಯ ಅಂಕ ಮೊತ್ತದ ಪಕ್ಕದಲ್ಲಿ ಬೇರೆಯಾಗಿ ಕಾಣಲಿ ಎಂದು ಅರ್ಜಿ ಕೊಟ್ಟಿದ್ದೇನೆ. ಅದು ಆಗುವವರೆಗೆ ವಿದ್ಯಾರ್ಥಿಗಳು "10 (ಪ್ರ. 9: 1)" ಎಂದು ಕೈಯಾರೆ ಟೈಪ್ ಮಾಡುತ್ತಾರೆ.

ಫೋನ್ ಆದ ಸಂಜೆ ವಿದ್ಯಾರ್ಥಿನಿ ಹಳೆಯ ನೋಟ್ ತೆರೆದು "ರಿಸ್ಕ್ ಇಲ್ಲ" ಎಂಬುದನ್ನು ತಿದ್ದಲು ಹೊರಟಿದ್ದಳು. ಆ ಆತುರ ಅರ್ಥವಾಗುವಂಥದ್ದೇ, ಆದರೆ ಬಿಡಲಿಲ್ಲ. ಕಾಗದದ ನೋಟ್ ಆದರೆ ಹಳೆಯ ಪದ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ದಿನಾಂಕ ಮತ್ತು ಕಿರುಸಹಿ. ವೈಟ್ನರ್ ಮುಟ್ಟುವಂತಿಲ್ಲ. ಕಂಪ್ಯೂಟರ್ ಆದರೆ ಹಳೆಯದನ್ನು ಹಾಗೇ ಬಿಟ್ಟು ಹೊಸ ನಮೂದು. ಅವಳು ಬರೆದದ್ದು ಹೀಗೆ: "ತಡವಾದ ನಮೂದು. ನಾಲ್ಕನೇ ಸೆಷನ್‌ನ ಹಾಳೆಯಲ್ಲಿ ಒಂಬತ್ತನೇ ಪ್ರಶ್ನೆಗೆ 1 ಇದ್ದದ್ದನ್ನು ಆ ದಿನ ಓದಿರಲಿಲ್ಲ, ಆ ಬಗ್ಗೆ ಕೇಳಿರಲಿಲ್ಲ. ಕ್ಲೈಂಟ್ ಹೇಳಿದ್ದು: 'ನಾನಿಲ್ದಿದ್ರೂ ಮನೆ ನಡೆದುಹೋಗುತ್ತೆ.' ಇಂದು ಸೂಪರ್ವಿಷನ್‌ನಲ್ಲಿ ಗಮನಕ್ಕೆ ಬಂತು. ಫೋನ್ ಮಾಡಿ ಕರೆಸಲಾಯಿತು. ಅಸೆಸ್‌ಮೆಂಟ್ ಮತ್ತು ಸೇಫ್ಟಿ ಪ್ಲ್ಯಾನ್ ಇಂದಿನ ನೋಟ್‌ನಲ್ಲಿದೆ."

ಅದರ ಕೆಳಗೆ ಅವಳ ಸಹಿ, ನನ್ನ ಸಹಿ. ಮೇಲಿನ ನೋಟ್‌ನ ಕೆಳಗೂ, ಹಿಂದಿನ ದಿನದ ತಾರೀಖಿನಲ್ಲಿ, ನನ್ನ ಸಹಿ ಹಾಗೇ ಇದೆ.