ಒಂದೇ ಹೊಂಡ, ಎರಡು ಹಾಪಾ: ರೋಹು ಮರಿಗೆ ಬೆಳ್ಳುಳ್ಳಿ ಮೇವು

ಬನವಾಸಿ ಕಡೆಯ ನಮ್ಮ ಹೊಂಡದಲ್ಲಿ ಈ ಸಲ ಎರಡು ಹಾಪಾ ಕಟ್ಟಿದ್ದೇವೆ. ಹಾಪಾ ಅಂದರೆ ಬಿದಿರಿನ ಗೂಟಕ್ಕೆ ಬಿಗಿದು ನೀರಿಗೆ ಇಳಿಬಿಟ್ಟ ಬಲೆಯ ಪೆಟ್ಟಿಗೆ. ಹೊಂಡಕ್ಕೆ ಪ್ಲಾಸ್ಟಿಕ್ ಹಾಸಿಲ್ಲವಾದ್ದರಿಂದ ಗೂಟ ಹೊಡೆಯಲು ಅಡ್ಡಿಯಿಲ್ಲ. ಎರಡರಲ್ಲೂ ಒಂದೇ ತಂಡದ ರೋಹು ಮೀನಿನ ಮರಿಗಳು. ಒಂದಕ್ಕೆ ಶೇಂಗಾ ಹಿಂಡಿ, ಅಕ್ಕಿ ತೌಡು ಸಮಸಮ. ಇನ್ನೊಂದಕ್ಕೆ ಅದೇ ಮೇವು, ಮೇಲಿಂದ ಬೆಳ್ಳುಳ್ಳಿ, ಮರಿಗೆ ರೋಗ ಬಾರದಂತೆ ಅದು ತಡೆಯುತ್ತದೋ ನೋಡೋಣ ಅಂತ. ನೀರು ಒಂದೇ ಇರುವುದರಿಂದ, ವ್ಯತ್ಯಾಸ ಕಂಡರೆ ಅದನ್ನು ನೀರಿನ ತಲೆಗೆ ಕಟ್ಟುವ ಹಾಗಿಲ್ಲ.

"ಮೀನಿಗೂ ಕಷಾಯನಾ ಮಾರಾಯಾ?" ಅಂತ ಪಕ್ಕದ ಗದ್ದೆಯ ಅಣ್ಣ ನಕ್ಕ. ನಕ್ಕವನೇ ಮರುದಿನ ಅರಿಶಿನ, ಅಮೃತಬಳ್ಳಿ, ನೆಲನೆಲ್ಲಿ ಎಲ್ಲ ಹಾಕು ಅಂದ. ಎಲ್ಲ ಒಟ್ಟಿಗೆ ಹಾಕಿದರೆ ಯಾವುದು ಕೆಲಸ ಮಾಡಿತು ಅಂತ ತಿಳಿಯುವುದು ಹೇಗೆ? ಅದಕ್ಕೇ ಸದ್ಯ ಬೆಳ್ಳುಳ್ಳಿ ಒಂದೇ, ಕಿಲೋ ಮೇವಿಗೆ 5 ಗ್ರಾಂ.

ಬೆಳ್ಳುಳ್ಳಿಯ ಘಾಟಿನ ಅಲಿಸಿನ್ ಇಡೀ ಎಸಳಿನಲ್ಲಿ ಇರುವುದಿಲ್ಲ. ಜಜ್ಜಿದಾಗ ಒಳಗಿನ ಕಿಣ್ವ ಬಿಡುಗಡೆಯಾಗಿ ಅದನ್ನು ತಯಾರಿಸುತ್ತದೆ. ಬಿಸಿ ತಾಗಿದರೆ ಆ ಕಿಣ್ವ ಸತ್ತೇ ಹೋಗುತ್ತದೆ. ಹಾಗಾಗಿ ಜಜ್ಜಿ ಹತ್ತು ನಿಮಿಷ ಬಿಟ್ಟು, ಪೂರ್ತಿ ಆರಿದ ಅಕ್ಕಿ ಗಂಜಿಗೆ ಕಲೆಸಿ, ಆ ಗಂಜಿಯಲ್ಲಿ ಹಿಂಡಿ-ತೌಡಿನ ಉಂಡೆ ಕಟ್ಟುತ್ತೇವೆ. ಗಂಜಿಯ ಅಂಟು ಇಲ್ಲದಿದ್ದರೆ ಮೂಲಿಕೆ ಮೀನಿನ ಬಾಯಿಗಿಂತ ಮೊದಲು ನೀರಿಗೇ ಹೋಗುತ್ತದೆ. ಅರಿಶಿನದ ದಾರಿ ಬೇರೆ: ಅದರ ಮುಖ್ಯ ಸಾರವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆ ಬೇಕು, ಬಿಸಿಲಲ್ಲಿ ಒಣಗಿಸಿದರೆ ಬೆಳಕಿಗೇ ಹಾಳಾಗುತ್ತದೆ. ಅರಿಶಿನವನ್ನು ಕುದಿಸಿ ಸೋಸಿದ ನೀರು ಮೇವಿಗೆ ಹಾಕಿದರೆ ಆ ಸಾರ ಚರಟದಲ್ಲೇ ಉಳಿಯುತ್ತದೆ.

ಮಳೆ ಪೂರ್ತಿ ನಿಲ್ಲುವ ತನಕ ಇದನ್ನು ಶುರು ಮಾಡಲಿಲ್ಲ. ನಮ್ಮ ಕಡೆಯ ಮಳೆಗಾಲದ ಥಂಡಿಯಲ್ಲಿ ಶೇಂಗಾ ಹಿಂಡಿಗೆ ಬೂಷ್ಟು ಹಿಡಿಯಲು ಎಷ್ಟು ಹೊತ್ತು? ಆ ಬೂಷ್ಟಿನ ಅಫ್ಲಾಟಾಕ್ಸಿನ್ ಎಂಬ ವಿಷ ಮೀನಿನ ಯಕೃತ್ತನ್ನು ಹಾಳುಮಾಡುತ್ತದೆ, ರೋಗ ತಡೆಯುವ ಶಕ್ತಿಯನ್ನೂ ಕುಗ್ಗಿಸುತ್ತದೆ. ಬೂಷ್ಟು ಹಿಡಿದ ಹಿಂಡಿಗೆ ಬೆಳ್ಳುಳ್ಳಿ ಬೆರೆಸಿ ಆರೋಗ್ಯದ ಮೇವು ಅಂದುಕೊಳ್ಳುವುದು ನಮಗೆ ನಾವೇ ಮಾಡಿಕೊಳ್ಳುವ ಮೋಸ.

"ಗಿಡದ್ದಲ್ವಾ, ತೊಂದರೆ ಏನಿಲ್ಲ" ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಹಳ್ಳದ ಮೀನಿಗೆ ಅಮಲೇರಿಸಿ ಹಿಡಿಯಲು ಹಿಂದೆ ಜಜ್ಜಿ ಹಾಕುತ್ತಿದ್ದ ಕಾರೆಕಾಯಿ ಗಿಡದ್ದೇ ಅಲ್ಲವೇ? ಮರಿ ಬಿಡುವ ಮೊದಲು ಹೊಂಡದ ಬೇಡದ ಮೀನನ್ನು ಕೊಲ್ಲಲು ಹಾಕುವ ಇಪ್ಪೆ ಹಿಂಡಿಯೂ ಗಿಡದ್ದೇ. ಒಂದು ಹೆಕ್ಟೇರ್ ಹೊಂಡದಲ್ಲಿ ಒಂದು ಮೀಟರ್ ನೀರಿದ್ದರೆ ಸುಮಾರು 2,500 ಕಿಲೋ. ಅದರ ಸಪೋನಿನ್ ಮೀನಿನ ರಕ್ತಕಣಗಳನ್ನೇ ಒಡೆಯುತ್ತದೆ. ಸೀಗೆಕಾಯಿ, ಅಂಟುವಾಳದಲ್ಲಿರುವ ನೊರೆಯೂ ಸಪೋನಿನ್ನಿನದೇ. ಹೆಸರು ಕೇಳಿದ ಸೊಪ್ಪನ್ನೆಲ್ಲ ಅರೆದು ಹೊಂಡಕ್ಕೆ ಸುರಿಯುವವರು ಇದನ್ನು ನೆನಪಿಡಬೇಕು.

ಚಳಿ ಹಿಡಿದಿದೆ, ಹುಣ್ಣು ರೋಗದ ಕಾಲ. ಅಫನೊಮೈಸಿಸ್ ಎಂಬ ಶಿಲೀಂಧ್ರದಂಥ ಜೀವಿ ಚರ್ಮಕ್ಕೆ ಇಳಿಯುತ್ತದೆ, ಆ ಗಾಯದಲ್ಲಿ ಏರೋಮೊನಾಸ್ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತದೆ. ಮೊನ್ನೆ ಎರಡೂ ಹಾಪಾದ ಮರಿಗಳನ್ನು ಹಿಡಿದು ನೋಡಿದೆವು. ಯಾವುದರಲ್ಲೂ ಹುಣ್ಣಿಲ್ಲ. ತೂಕದಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಬೆಳ್ಳುಳ್ಳಿಯ ಕಡೆ ಮರಿಗಳು ಮೇವಿನ ತಟ್ಟೆಗೆ ಬೇಗ ಬರುತ್ತವೆ ಅನ್ನಿಸುತ್ತದೆ, ವಾಸನೆಗೆ ಇರಬಹುದು. ರೋಗವೇ ಬಾರದೆ ಬೆಳ್ಳುಳ್ಳಿ ರೋಗ ತಡೆಯಿತು ಅಂತ ಬರೆಯಲು ನನಗೆ ಮನಸ್ಸಿಲ್ಲ. ಹೊಂಡಕ್ಕೆ ಸುಣ್ಣ ಹಾಕಿದ್ದೇವೆ, ಚಳಿಗೆ ಮೇವು ಕಡಿಮೆ ಮಾಡಿದ್ದೇವೆ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಡಿಯುತ್ತಿಲ್ಲ, ಅಂದರೆ ಆಮ್ಲಜನಕ ಸಾಕಷ್ಟಿದೆ. ಮರಿಗಳು ಚೆನ್ನಾಗಿರುವುದರಲ್ಲಿ ಸದ್ಯಕ್ಕೆ ಹೆಚ್ಚಿನ ಪಾಲು ಇವುಗಳದ್ದೇ ಅಂತ ನನ್ನ ಅಂದಾಜು.

ಇಂಥ ಮೂಲಿಕೆಗಳು ರೋಗಾಣುವನ್ನು ನೇರವಾಗಿ ಕೊಲ್ಲುವುದಕ್ಕಿಂತ ಮೀನಿಗೆ ಹುಟ್ಟಿನಿಂದಲೇ ಇರುವ ರೋಗ ತಡೆಯುವ ಶಕ್ತಿಯನ್ನು ಚುರುಕು ಮಾಡುತ್ತವೆ ಅನ್ನುವುದು ಸಂಶೋಧನೆಗಳ ಧಾಟಿ. ರೋಹುವಿನ ಮೇಲೇ ಕೆಲಸ ಆಗಿದೆ. 2006ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಉತ್ತರಾಣಿ ಬೀಜ ಸೇರಿಸಿದ ಮೇವು ತಿಂದ ರೋಹು, ಏರೋಮೊನಾಸ್ ಚುಚ್ಚಿದ ಮೇಲೆ ಅದನ್ನು ತಿನ್ನದ ರೋಹುವಿಗಿಂತ ಹೆಚ್ಚು ಬದುಕಿತ್ತು. ಗದ್ದೆಯ ಅಂಚಿನಲ್ಲಿ ಪಂಚೆಗೆ ಅಂಟಿಕೊಳ್ಳುತ್ತದಲ್ಲ, ಅದೇ ಉತ್ತರಾಣಿ. ಪೇಟೆಗೆ ಹೋಗುವುದೇ ಬೇಡ.

ಬೆಳ್ಳುಳ್ಳಿಯನ್ನು ಎರಡು ವಾರ ಕೊಟ್ಟು ಎರಡು ವಾರ ಬಿಡುವ ಕ್ರಮ ಚಳಿ ಮುಗಿಯುವವರೆಗೆ ನಡೆಯುತ್ತದೆ. ಅತ್ತಿಗೆ ಉತ್ತರಾಣಿ ಕದಿರು ಕೊಯ್ದು ನೆರಳಲ್ಲಿ ಹರವಿದ್ದಾಳೆ. ಅದು ಮುಂದಿನ ಮಳೆಗಾಲ ಕಳೆದು ಬರುವ ಹೊಸ ಮರಿಗಳಿಗೆ, ಮತ್ತೆ ಒಂದೇ ಹಾಪಾಕ್ಕೆ.